ಕೋಳಿಮೊಟ್ಟೆ ಗಾತ್ರದ ಗಂಟು

ಎಲ್ಲ ರಗಳೆಯೂ ಶುರುವಾದದ್ದು ಒಂದು ಅಕ್ರೋಟಿನಿಂದ. ಯಾವನೋ ರೋಗಿಯ ಹೊಟ್ಟೆಯಲ್ಲಿ ಗಂಟು ಕಂಡ ಜರ್ಮನ್ ವೈದ್ಯರು ಅದು "ಅಕ್ರೋಟಿನ ಗಾತ್ರದ್ದು" ಎಂದು ವರದಿಯಲ್ಲಿ ಬರೆದಿದ್ದರು. ಅನುವಾದಕಿ ಅದನ್ನು ಇಂಗ್ಲಿಷಿಗೆ ತರುವಾಗ ನಿಯತ್ತಾಗಿ ಅಕ್ರೋಟಿನ ಗಾತ್ರದ್ದು ಎಂದೇ ಬರೆದಳು. ಇಂಗ್ಲಿಷಿನಲ್ಲಿ ವ್ಯವಹಾರ ಮಾಡುವ ಆಸ್ಪತ್ರೆಯಿಂದ ನಾಲ್ಕೇ ದಿನಕ್ಕೆ ಪತ್ರ ಬಂತು: "ಚಿಪ್ಪಿನ ಸಮೇತವೋ, ಚಿಪ್ಪು ಬಿಟ್ಟೋ?"

ಅನುವಾದಕಿಗೆ ನಗು ಬಂತು. ಮ್ಯಾನೇಜರಿಗೆ ಬರಲಿಲ್ಲ. ಅವರು ಆ ಪತ್ರವನ್ನು ಮೂರು ಸಲ ಓದಿ, ಕನ್ನಡಕ ಒರೆಸಿಕೊಂಡು, ಮತ್ತೊಂದು ಸಲ ಓದಿ, ಮೀಟಿಂಗ್ ಕರೆದರು. ಆ ಆಫೀಸಿನಲ್ಲಿ ಮೀಟಿಂಗ್ ಎಂದರೆ ಮೂರು ಕುರ್ಚಿಗಳನ್ನು ಮ್ಯಾನೇಜರ ಮೇಜಿನ ಕಡೆ ತಿರುಗಿಸುವುದು, ಅಷ್ಟೇ. ಒಂದರಲ್ಲಿ ಅನುವಾದಕಿ. ಇನ್ನೊಂದರಲ್ಲಿ ಅವಳು ಬರೆದದ್ದನ್ನು ತಿದ್ದುವ ಹಿರಿಯರು. ಎಲ್ಲಿ ನೋಡಿದರೂ ಒಂದು ಅಲ್ಪವಿರಾಮ ಕಮ್ಮಿಯಾಗಿದೆ ಎನ್ನುತ್ತಿದ್ದುದರಿಂದ ಅವರಿಗೆ ಅಲ್ಪವಿರಾಮ ಮೇಷ್ಟ್ರು ಎಂದೇ ಹೆಸರು. ಮೂರನೆಯದರಲ್ಲಿ ಫೈಲುಗಳು.

"ನೋಡೀಮ್ಮಾ," ಎಂದರು ಮ್ಯಾನೇಜರು, "ನಮ್ಮದು ಮೆಡಿಕಲ್ ಅನುವಾದದ ಆಫೀಸು, ತರಕಾರಿ ಅಂಗಡಿ ಅಲ್ಲ. ಇನ್ಮೇಲೆ ನಮ್ಮ ಇಂಗ್ಲಿಷಲ್ಲಿ ಹಣ್ಣು ಬರಬಾರದು, ಕಾಳು ಬರಬಾರದು, ಮೊಟ್ಟೆ ಬರಬಾರದು. ಮಿಲಿಮೀಟರ್ ಬರಬೇಕು."

"ಮೂಲದಲ್ಲಿ ಮಿಲಿಮೀಟರೇ ಇಲ್ವಲ್ಲ ಸಾರ್. ಅವರು ಕೈಯಲ್ಲಿ ಮುಟ್ಟಿ ನೋಡಿ ಸುಮಾರಾಗಿ ಹೇಳಿರ್ತಾರೆ. ನಾವು ನಂಬರ್ ಹಾಕಿದ್ರೆ ಸುಳ್ಳು ಹೇಳಿದ ಹಾಗಲ್ವಾ?"

"ನಂಬರ್ ಇದ್ದಮೇಲೆ ಅದು ಹೇಗಮ್ಮಾ ಸುಳ್ಳಾಗುತ್ತೆ?" ಎಂದರು ಮ್ಯಾನೇಜರು. ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಅನುವಾದಕಿ ಬಾಯಿ ತೆರೆಯುವಷ್ಟರಲ್ಲಿ ಮೀಟಿಂಗ್ ಮುಗಿದಿತ್ತು.

ಮರುದಿನ ಮ್ಯಾನೇಜರು ಎರಡು ಕೈಚೀಲ ತುಂಬ ಸಾಮಾನು ಹೊತ್ತು ಮೂರು ಮಹಡಿ ಹತ್ತಿ ಬಂದರು. ಕೆಳಗಿನ ಲೇತ್ ವರ್ಕ್‌ಶಾಪಿನಿಂದ ದಪ್ಪ ಅಳೆಯುವ ಕ್ಯಾಲಿಪರ್ ಎರವಲು ಬಂತು. ಮ್ಯಾನೇಜರು ಒಂದೊಂದನ್ನೇ ಅದರ ಬಾಯಿಗೆ ಕೊಟ್ಟು ಬಿಗಿಯುವುದು, ಅಲ್ಪವಿರಾಮ ಮೇಷ್ಟ್ರು ಅಂಕಿ ಓದುವುದು, ಅನುವಾದಕಿ ಬರೆದುಕೊಳ್ಳುವುದು. ಬಟಾಣಿಯ ಹತ್ತಿರವೇ ಗಾಡಿ ನಿಂತಿತು: ಹಸಿಯದೋ, ಒಣಗಿದ್ದೋ? ಎರಡನ್ನೂ ಅಳೆದು ಕೂಡಿಸಿ ಅರ್ಧ ಮಾಡಿದರು. ಪ್ಲಮ್ ಹಣ್ಣು ಮ್ಯಾನೇಜರಿಗೆ ಬಹಳ ಇಷ್ಟ. ಅಂಗಡಿಯಲ್ಲಿ ಇದ್ದುದರಲ್ಲೇ ದಪ್ಪನೆಯದನ್ನು ಆರಿಸಿ ತಂದಿದ್ದರು. ಹಾಗಾಗಿ ಅಂದಿನಿಂದ ಪ್ಲಮ್ ಗಾತ್ರ ಎಂದರೆ ಅರವತ್ತೊಂದು ಮಿಲಿಮೀಟರ್. ಪಾರಿವಾಳದ ಮೊಟ್ಟೆಗಾಗಿ ಮೇಷ್ಟ್ರು ಕಿಟಕಿಯಾಚೆ ಏಸಿ ಪೆಟ್ಟಿಗೆಯ ಹಿಂದೆ ಕೈ ಹಾಕಿ, ಗೂಡಿನ ಯಜಮಾನಿಯಿಂದ ಚೆನ್ನಾಗಿ ಕುಕ್ಕಿಸಿಕೊಂಡರು. ಕೋಳಿಮೊಟ್ಟೆ ಕ್ಯಾಲಿಪರಿನಲ್ಲಿ ಒಡೆದೀತೆಂದು ಬೇಯಿಸಿ ತಂದಿದ್ದರು. ಉದ್ದದ ಕಡೆಯಿಂದ ಐವತ್ತೇಳು ಮಿಲಿಮೀಟರ್.

"ಅಡ್ಡಕ್ಕೆ ಅಳೆದ್ರೆ ಕಮ್ಮಿ ಬರುತ್ತಲ್ಲ ಸಾರ್," ಎಂದಳು ಅನುವಾದಕಿ.

"ಮೊಟ್ಟೆ ಅಡ್ಡಕ್ಕೆ ಯಾರಮ್ಮಾ ಅಳೀತಾರೆ?"

ಗಂಡಸಿನ ಮುಷ್ಟಿ ಎಂಬ ಬಾಬ್ತಿಗೆ ಮ್ಯಾನೇಜರು ತಮ್ಮದೇ ಮುಷ್ಟಿ ಆಗಬೇಕೆಂದು ಹಟ ಹಿಡಿದರು. ಕೊನೆಗೆ ಉಳಿದದ್ದು ಮಗುವಿನ ತಲೆ. ದೊಡ್ಡ ಗಡ್ಡೆ ಕಂಡರೆ ಹಳೇ ಜರ್ಮನ್ ವೈದ್ಯರು ಹಾಗೆಯೂ ಬರೆಯುವುದುಂಟು. ಯಾರ ಮಗು, ಎಷ್ಟು ತಿಂಗಳದ್ದು ಎಂದು ಮೇಷ್ಟ್ರು ಕೇಳಿದರು. ಆ ಸಾಲಿನ ಮುಂದೆ "ಮ್ಯಾನೇಜರನ್ನು ಕೇಳುವುದು" ಎಂದು ಬರೆದು ಕೈತೊಳೆದುಕೊಂಡರು. ಪಟ್ಟಿಗೆ ಪ್ಲಾಸ್ಟಿಕ್ ಹೊದಿಸಿ ಗಡಿಯಾರದ ಕೆಳಗೆ ತೂಗುಹಾಕಿದ್ದಾಯಿತು. ಅಳೆದ ಪುರಾವೆಯನ್ನೆಲ್ಲ ಮಧ್ಯಾಹ್ನದೊಳಗೆ ತಿಂದು ಮುಗಿಸಿದರು. ನಾಲ್ಕು ತಿಂಗಳು ಆ ಪಟ್ಟಿಯ ಪ್ರಕಾರವೇ ಕೆಲಸ ನಡೆಯಿತು, ಒಂದು ಆಸ್ಪತ್ರೆಯೂ ಪತ್ರ ಬರೆಯಲಿಲ್ಲ. ನಿಖರತೆ ಅಂದರೆ ಇದು ಎಂದು ಮ್ಯಾನೇಜರು ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಿದ್ದರು.

ಅಲ್ಲಿಯತನಕ ಇದು ನಗುವ ವಿಷಯವಾಗಿತ್ತು. ಆಮೇಲೆ ಚಿಕ್ಕಮ್ಮನ ಕತ್ತಿನ ವಿಚಾರ ಬಂತು.

ಅನುವಾದಕಿಗೆ ಆರು ವರ್ಷವಿದ್ದಾಗ ತಾಯಿ ತೀರಿಹೋದಳು. ಸಾಕಿ ಬೆಳೆಸಿದ್ದೆಲ್ಲ ಈ ಚಿಕ್ಕಮ್ಮನೇ. ಚಿಕ್ಕಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಮೈಕ್ ಮುಂದೆ ಕೂತು ರೈಲುಗಳು ಬರುವುದು ಹೋಗುವುದು ಹೇಳುವವಳು. ಇಪ್ಪತ್ತೆಂಟು ವರ್ಷದ ಕೆಲಸ. ಹಿಂದೊಮ್ಮೆ ಸ್ಟೇಷನ್ನಿನವರು ಮುದ್ರಿತ ಧ್ವನಿಯ ಯಂತ್ರ ತಂದಿಟ್ಟರು. ರೈಲು ಹೊತ್ತಿಗೆ ಸರಿಯಾಗಿ ಬಂದರೆ ಅದು ಚೆನ್ನಾಗಿಯೇ ಹೇಳುತ್ತಿತ್ತು, ಆದರೆ ತಡವಾದಾಗ ಜನರನ್ನು ಸಮಾಧಾನ ಮಾಡಲು ಅದಕ್ಕೆ ಬರುತ್ತಿರಲಿಲ್ಲ. ರೈಲುಗಳೋ, ತಡವಾಗುವುದೇ ಹೆಚ್ಚು. ಹೀಗಾಗಿ ಯಂತ್ರದ ಮೇಲೆ ಬಟ್ಟೆ ಮುಚ್ಚಿ ಚಿಕ್ಕಮ್ಮನನ್ನೇ ಉಳಿಸಿಕೊಂಡರು. ಮನೆಯಲ್ಲೂ ಅದೇ ಧಾಟಿ. "ಗಮನಿಸಿ, ಊಟ ಎರಡನೇ ಪ್ಲಾಟ್‌ಫಾರ್ಮಿಗೆ ಬಂದಿದೆ, ಕೈ ತೊಳೆಯದ ಪ್ರಯಾಣಿಕರು ಹತ್ತುವಂತಿಲ್ಲ." ಇಂಥ ಹೆಂಗಸು. ನಗದೆ ಇದ್ದದ್ದನ್ನು ಯಾರೂ ನೋಡಿದವರಿಲ್ಲ, ನಗುತ್ತಲೇ ಆಸ್ಪತ್ರೆಯ ತಾರೀಖು ಮುಂದೂಡುವುದರಲ್ಲೂ ಎತ್ತಿದ ಕೈ.

ಕತ್ತಿನಲ್ಲಿ ಒಂದು ಗಂಟು. ಇವತ್ತಿನದಲ್ಲ. ಎಂಟು ವರ್ಷದ ಹಿಂದೆ ಚಿಕ್ಕಪ್ಪನ ಕಂಪನಿಯವರು ಅವನನ್ನು ಜರ್ಮನ್ ಮಾತಾಡುವ ಊರೊಂದಕ್ಕೆ ಒಂದು ವರ್ಷದ ಮಟ್ಟಿಗೆ ಕಳಿಸಿದಾಗ ಚಿಕ್ಕಮ್ಮನೂ ರಜೆ ಹಾಕಿ ಹೋಗಿದ್ದಳು. ಅಲ್ಲಿಯ ವೈದ್ಯರೊಬ್ಬರು ಕತ್ತು ನೋಡಿ ಒಂದು ಕಾಗದ ಬರೆದುಕೊಟ್ಟರು. ಅವಳು ಅದನ್ನು ಮಡಚಿ ಸೂಟ್‌ಕೇಸಿಗೆ ಹಾಕಿಕೊಂಡು ಬಂದಳು. ಆಗ ಅನುವಾದಕಿ ಜರ್ಮನ್ ಕಲಿಯಲು ಸೇರಿ ಎರಡೇ ತಿಂಗಳಾಗಿತ್ತು. ಕಾಗದದಲ್ಲಿ ಅವಳಿಗೆ ಗೊತ್ತಿದ್ದ ಪದ ಒಂದೇ.

"ಇಲ್ಲಿ ಕೋಳಿಮೊಟ್ಟೆ ಅಂತ ಇದೆ ಚಿಕ್ಕಮ್ಮ."

"ಅಯ್ಯೋ, ನಾನು ಮೊಟ್ಟೆ ಇಡ್ತೀನಿ ಅಂತ ಬರೆದುಬಿಟ್ರಾ ಆ ಪುಣ್ಯಾತ್ಮರು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಗದ ಮತ್ತೆ ಸೂಟ್‌ಕೇಸಿಗೆ ಹೋಯಿತು. ಆಮೇಲೆ ಎಷ್ಟೋ ವರ್ಷ ಮನೆಯಲ್ಲಿ ಯಾರಾದರೂ ಸೋಮಾರಿಯಾಗಿ ಕೂತರೆ "ಮೊಟ್ಟೆ ಇಡ್ತಿದ್ದೀಯಾ" ಎನ್ನುವ ಮಾತು ಓಡಾಡುತ್ತಿತ್ತು.

ಈಗ ಗಂಟು ಕಣ್ಣಿಗೇ ಕಾಣುವಂತಾಗಿತ್ತು. ಚಿಕ್ಕಪ್ಪ ಗದರಿಸಿ, ಗೋಗರೆದು, ಕೊನೆಗೆ ಊಟ ಬಿಡುತ್ತೇನೆಂದು ಹೆದರಿಸಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನಿನಲ್ಲಿ ಮೂವತ್ನಾಲ್ಕು ಮಿಲಿಮೀಟರ್ ಬಂತು. ಕತ್ತಿನ ಡಾಕ್ಟರು ವಿಷಯವನ್ನು ಬಿಡಿಸಿ ಹೇಳಿದರು. ಗಂಟು ಎಂಟು ವರ್ಷದಿಂದ ಇದ್ದಷ್ಟೇ ಇದ್ದರೆ ಅಥವಾ ಕುಗ್ಗಿದ್ದರೆ ಅದರ ಪಾಡಿಗೆ ಬಿಡಬಹುದು. ಬೆಳೆದಿದ್ದರೆ ತೆಗೆಯಲೇಬೇಕು, ಇಂಥದ್ದು ಬೆಳೆಯುವುದು ಒಳ್ಳೆಯ ಲಕ್ಷಣ ಅಲ್ಲ. ಆದರೆ ಸ್ವರದ ನರ ಆ ಗಂಟಿನ ಬೆನ್ನಿಗೇ ಅಂಟಿಕೊಂಡು ಹೋಗುತ್ತದೆ. ತೆಗೆದಮೇಲೆ ಧ್ವನಿ ಮೊದಲಿನಂತೆ ಇರುತ್ತದೆಂದು ಮಾತು ಕೊಡಲಾಗದು.

ಧ್ವನಿ ಎಂದ ಕೂಡಲೇ ಚಿಕ್ಕಮ್ಮ ಬ್ಯಾಗು ಎತ್ತಿಕೊಂಡು ಎದ್ದಿದ್ದಳಂತೆ. ಹಳೇ ವರದಿ ಇದ್ದರೆ ನೋಡಿ ಹೇಳುತ್ತೇನೆ ಎಂದು ಡಾಕ್ಟರು ಕೂರಿಸಿದರು. ಸೂಟ್‌ಕೇಸಿನ ತಳದಿಂದ ಕಾಗದ ಎದ್ದುಬಂತು. ಮುದ್ರೆ ಇರುವ ಅನುವಾದವೇ ಬೇಕಾದ್ದರಿಂದ ಅದು ಅನುವಾದಕಿಯ ಆಫೀಸಿಗೇ, ಅವಳ ಮೇಜಿಗೇ ಬಂತು.

ಈ ಸಲ ಅವಳು ಪೂರ್ತಿ ಓದಿದಳು. ಹನ್ನೊಂದೇ ಸಾಲು. ಕತ್ತಿನ ಬಲಭಾಗದಲ್ಲಿ ಕೋಳಿಮೊಟ್ಟೆ ಗಾತ್ರದ ಗಂಟು. ಮೂರು ತಿಂಗಳೊಳಗೆ ಮತ್ತೆ ಬಂದು ತೋರಿಸತಕ್ಕದ್ದು. ಗಡಿಯಾರದ ಕೆಳಗೆ ಪಟ್ಟಿ ತೂಗುತ್ತಿತ್ತು. ಐವತ್ತೇಳು ಎಂದು ಬರೆದಳು. ಮ್ಯಾನೇಜರು ಮುದ್ರೆ ಒತ್ತಿದರು.

ಐವತ್ತೇಳು ಇದ್ದದ್ದು ಮೂವತ್ನಾಲ್ಕಕ್ಕೆ ಇಳಿದಿದೆ. ಡಾಕ್ಟರು ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟು, "ಕುಗ್ತಾ ಇದೆ ಅಮ್ಮ. ಕತ್ತಿಗೆ ಕೈ ಹಾಕೋದು ಬೇಡ. ಎರಡು ವರ್ಷ ಬಿಟ್ಟು ಬನ್ನಿ," ಎಂದರು. ಅಂದು ಮನೆಯಲ್ಲಿ ಚಿಕ್ಕಮ್ಮ ಸೌಟನ್ನೇ ಮೈಕ್ ಮಾಡಿಕೊಂಡು "ಗಮನಿಸಿ, ಆಪರೇಷನ್ ಎಕ್ಸ್‌ಪ್ರೆಸ್ ರದ್ದಾಗಿದೆ, ಪ್ರಯಾಣಿಕರಿಗೆ ಆದ ಸಂತೋಷಕ್ಕೆ ವಿಷಾದಿಸುತ್ತೇವೆ" ಎಂದು ಸಾರಿದಳು. ಚಿಕ್ಕಪ್ಪ ಕಣ್ಣೊರೆಸಿಕೊಂಡ. ಮ್ಯಾನೇಜರ ಪಟ್ಟಿಯ ಮೇಲೆ ಅನುವಾದಕಿಗೆ ಮೊದಲ ಸಲ ಪ್ರೀತಿ ಬಂತು.

ಆ ಪ್ರೀತಿ ಮೂರು ದಿನ ಬಾಳಿತು. ನಾಲ್ಕನೆಯ ದಿನ ಬೇರೊಬ್ಬ ರೋಗಿಯ ಫೈಲು ತೆರೆದಾಗ ಕೊನೆಯಲ್ಲಿ ಅದೇ ಸಹಿ ಕಂಡಿತು: ಚಿಕ್ಕಮ್ಮನ ಕಾಗದದಲ್ಲಿದ್ದ, ಬಾಲ ಸುರುಳಿ ಸುತ್ತಿದ ಸಹಿ. ವೈದ್ಯರು ಆ ರೋಗಿಯ ಗಂಟು ಮಸೂರ ಕಾಳಿನಷ್ಟಿದೆ ಎಂದು ಬರೆದಿದ್ದರು. ಅದೇ ಕಟ್ಟಿನಲ್ಲಿ, ತಿಂಗಳೊಪ್ಪತ್ತು ಕಳೆದು ಆಪರೇಷನ್ ಮಾಡಿ ತೆಗೆದವರು ಇಪ್ಪತ್ತೆರಡು ಮಿಲಿಮೀಟರ್ ಎಂದು ಬರೆದಿದ್ದರು. ಯಾವ ದೇಶದಲ್ಲಿ ಮಸೂರ ಕಾಳು ಅಷ್ಟು ಕೊಬ್ಬುತ್ತದೆ? ಅವಳು ಬೀರು ತೆರೆದು ಆ ಸಹಿಯ ಹಳೇ ಫೈಲುಗಳನ್ನೆಲ್ಲ ಎಳೆದು ಹಾಕಿದಳು. ತೆಗೆದ ಗಂಟಿನ ಅಳತೆಯೂ ಇದ್ದಂಥವು ಹನ್ನೊಂದು ಸಿಕ್ಕವು. ಹನ್ನೊಂದರಲ್ಲಿ ಒಂದೂ ತಾಳೆಯಾಗಲಿಲ್ಲ. ಕಾಳು ಎಂದದ್ದು ದೊಡ್ಡದಾಗಿತ್ತು, ಮೊಟ್ಟೆ ಎಂದದ್ದು ಪುಟ್ಟದಾಗಿತ್ತು.

ಹಾಗಾದರೆ ಚಿಕ್ಕಮ್ಮನ ಮೊಟ್ಟೆ? ಸುಮ್ಮನಿದ್ದುಬಿಡು ಎಂದು ಮನಸ್ಸು ಹೇಳಿತು. ಮುದ್ರೆ ಬಿದ್ದಿದೆ, ಡಾಕ್ಟರು ಒಪ್ಪಿದ್ದಾರೆ, ಚಿಕ್ಕಮ್ಮ ಹಾಡಿಕೊಂಡು ಓಡಾಡುತ್ತಿದ್ದಾಳೆ. ಆ ಧ್ವನಿಯೇ ಇಲ್ಲದ ಮನೆಯನ್ನು ಅವಳು ಹೇಗೋ ನೆನೆಸಿಕೊಂಡಳು. ಚಿಕ್ಕಮ್ಮನೇ ಇಲ್ಲದ ಮನೆಯನ್ನು ನೆನೆಸಿಕೊಳ್ಳಲು ಅವಳಿಂದ ಆಗಲೇ ಇಲ್ಲ. ಅರ್ಧ ಗಂಟೆ ಫೈಲುಗಳ ನಡುವೆ ನೆಲದ ಮೇಲೆ ಕೂತಿದ್ದು, ಎದ್ದು ಕಾಗದದ ತಲೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು.

ವೈದ್ಯರು ನಿವೃತ್ತರಾಗಿದ್ದರು. ಕ್ಲಿನಿಕ್ಕಿನ ಹೆಂಗಸು ನೂರೆಂಟು ಪ್ರಶ್ನೆ ಕೇಳಿ ಮನೆಯ ನಂಬರ್ ಕೊಟ್ಟಳು. ಫೋನ್ ಎತ್ತಿದ್ದು ತೀರ ಮುದಿ ದನಿ, ಆದರೆ ಚುರುಕಾದದ್ದು. ಮಾತು ಜರ್ಮನಿನಲ್ಲಿ ನಡೆಯಿತೆಂದು ಬೇರೆ ಹೇಳಬೇಕಾಗಿಲ್ಲ.

"ನಿಮ್ಮ ಕೋಳಿಮೊಟ್ಟೆ ಎಷ್ಟು ದೊಡ್ಡದು ಅಂತ ಕೇಳಬೇಕಿತ್ತು," ಎಂದಳು ಅನುವಾದಕಿ. ಕೇಳಿದಮೇಲೆ ಅವಳಿಗೇ ನಾಚಿಕೆಯಾಯಿತು.

"ಯಾರ ಕತ್ತಿನದು ಅನ್ನೋದರ ಮೇಲೆ ಹೋಗುತ್ತೆ," ಎಂದರು ಮುದುಕರು ಸಲೀಸಾಗಿ.

"ಅಂದ್ರೆ?"

"ನೋಡಮ್ಮ, ರೋಗಿಗಳು ವರದೀನ ನನ್ನ ಬಾಗಿಲ ಹೊರಗೇ ನಿಂತು ಓದ್ತಾರೆ. ಅಳೋರು ಇರ್ತಾರೆ. ಅವರಿಗೆ ಮೊಟ್ಟೆ ಅಂತ ಬರೆದ್ರೆ ಮೆಟ್ಟಿಲ ಮೇಲೇ ಕುಸಿದುಬಿಡ್ತಾರೆ. ಹಂಗಾಗಿ ಕಾಳು ಅಂತ ಬರೀತಿದ್ದೆ, ಆಪರೇಷನ್ ಮಾಡೋರಿಗೆ ಬೇರೆ ಚೀಟಿ ಕಳಿಸ್ತಿದ್ದೆ. ಇನ್ನು ನಗೋರು ಇರ್ತಾರೆ ನೋಡು, ಅವರ ಕಥೆಯೇ ಬೇರೆ. ನಗೋರು ತಿರುಗಿ ಬರಲ್ಲ. ಅವರಿಗೆ ಗಾತ್ರವನ್ನ ಎರಡು ಮೆಟ್ಟಿಲು ಏರಿಸಿ ಬರೀತಿದ್ದೆ. ನಲವತ್ತು ವರ್ಷ ಹೀಗೇ ಮಾಡಿದೀನಿ. ಹೆದರಿಕೊಂಡಾದ್ರೂ ಬರಲಿ ಅಂತ."

ಅನುವಾದಕಿ ಚಿಕ್ಕಮ್ಮನ ಗುರುತು ಹೇಳಿದಳು. ವರ್ಷ ಹೇಳುವ ಮೊದಲೇ ಮುದುಕರು ನಕ್ಕರು.

"ಪರದೇಶದ ಹೆಂಗಸು ತಾನೆ? ವರಾಂಡದಲ್ಲಿ ಕೂತಿದ್ದವರಿಗೆಲ್ಲ ರೈಲು ಕೂಗಿದ ಹಾಗೆ ಸರದಿ ಕೂಗಿದ್ಲು. ಯಾರಿಗೂ ಅವಳ ಭಾಷೆ ಗೊತ್ತಿಲ್ಲ, ಆದ್ರೂ ಎಲ್ಲರೂ ಸಾಲಾಗಿ ನಿಂತಿದ್ರು. ಅವಳನ್ನ ಮರೆಯೋದುಂಟಾ? ಹೇಜಲ್‌ನಟ್ ಬೀಜದಷ್ಟೇ ಇತ್ತು. ಅದಕ್ಕಿಂತ ದೊಡ್ಡದಂತೂ ಅಲ್ಲ. ನನ್ನ ಚೀಟಿ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ ಇರುತ್ತೆ, ತೆಗೆಸಿ ಕಳಿಸ್ತೀನಿ. ಆಮೇಲೆ ಎಲ್ಲಿ ತೋರಿಸಿದ್ಲು?"

"ಎಲ್ಲೂ ತೋರಿಸಲಿಲ್ಲ. ಅವಳಿಗೆ ಜರ್ಮನ್ ಓದೋಕೆ ಬರ್ತಿರಲಿಲ್ಲ."

"ಛೆ," ಎಂದರು ಮುದುಕರು. "ಅದೊಂದು ನನಗೆ ಹೊಳೆಯಲೇ ಇಲ್ಲ ನೋಡು."

ತನಗೆ ಓದಲು ಬರುತ್ತಿತ್ತು ಎಂದು ಅನುವಾದಕಿ ಹೇಳಲಿಲ್ಲ. ಒಂದು ಪದ ಬರುತ್ತಿತ್ತು. ಇಡೀ ಕಾಗದದಲ್ಲಿ ಚಿಕ್ಕಮ್ಮನನ್ನು ಹೆದರಿಸಲಿ ಎಂದೇ ಬರೆದಿದ್ದ ಆ ಒಂದೇ ಪದವನ್ನು ಸರಿಯಾಗಿ ಅನುವಾದ ಮಾಡಿ, ಇಬ್ಬರೂ ಸೇರಿ ನಕ್ಕಿದ್ದರು. ಫೋನ್ ಇಟ್ಟಮೇಲೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಎರಡು ದಿನಕ್ಕೆ ಚೀಟಿಯ ಚಿತ್ರ ಬಂತು. ಪೆನ್ಸಿಲಿನಲ್ಲಿ ಎರಡು ಸಾಲು. "ಹದಿನಾಲ್ಕು ಮಿ.ಮೀ." ಅದರ ಕೆಳಗೆ, "ನಗುತ್ತಾಳೆ. ಎರಡು ಮೆಟ್ಟಿಲು."

ಹದಿನಾಲ್ಕು ಇದ್ದದ್ದು ಮೂವತ್ನಾಲ್ಕಾಗಿದೆ. ಕುಗ್ಗುವ ಮಾತು ಹಾಗಿರಲಿ, ಹೆಚ್ಚೂಕಮ್ಮಿ ಎರಡೂವರೆ ಪಟ್ಟು ಬೆಳೆದಿದೆ. ಅವಳು ಚೀಟಿಯನ್ನು ಮ್ಯಾನೇಜರ ಮುಂದಿಟ್ಟು, ಅನುವಾದ ತಿದ್ದಿ ಮತ್ತೆ ಕಳಿಸಬೇಕು ಎಂದಳು.

ಮ್ಯಾನೇಜರು ಚೀಟಿ ನೋಡಲಿಲ್ಲ. ಗಡಿಯಾರದ ಕೆಳಗೆ ನೋಡಿದರು. "ನೀವೇ ಯೋಚನೆ ಮಾಡೀಮ್ಮಾ. ಒಂದು ಮೊಟ್ಟೆ ತಪ್ಪು ಅಂತ ಒಪ್ಪಿಕೊಂಡ್ರೆ ನಾಲ್ಕು ತಿಂಗಳಲ್ಲಿ ಕಳಿಸಿರೋ ಮೊಟ್ಟೆಗಳೆಲ್ಲ ಏನಾಗ್ಬೇಕು? ಪ್ಲಮ್ ಏನಾಗ್ಬೇಕು? ನಮ್ಮ ಅಳತೆಯಲ್ಲಿ ತಪ್ಪಿಲ್ಲ. ಆ ಡಾಕ್ಟರು ಸುಳ್ಳು ಬರೆದ್ರೆ ನಾವೇನು ಮಾಡೋಕಾಗುತ್ತೆ?"

"ಅವರು ಸುಳ್ಳು ಬರೀಲಿಲ್ಲ ಸಾರ್. ಅವರು ಒಬ್ಬಳಿಗೆ ಅಂತ ಬರೆದ್ರು. ನಾವು ಯಾರಿಗೆ ಅಂತ ಕೇಳದೇ ನಂಬರ್ ಹಾಕಿದ್ವಿ."

"ಭಾವನೆ ಬೇರೆ, ಬಿಸಿನೆಸ್ ಬೇರೆ," ಎಂದರು ಮ್ಯಾನೇಜರು. ಮ್ಯಾನೇಜರು ಊಟಕ್ಕೆ ಇಳಿದ ಮೇಲೆ ಅಲ್ಪವಿರಾಮ ಮೇಷ್ಟ್ರು ಚೀಟಿಯ ಅನುವಾದವನ್ನು ಅವಳ ಕೈಯಿಂದ ತೆಗೆದುಕೊಂಡು ಓದಿದರು. ಒಂದೇ ಒಂದು ಅಲ್ಪವಿರಾಮವನ್ನೂ ಹಾಕದೆ, ಡ್ರಾಯರಿನಿಂದ ಮುದ್ರೆ ತೆಗೆದು ಒತ್ತಿಕೊಟ್ಟರು. "ಹೋಗಮ್ಮ, ಮೊದಲು ಡಾಕ್ಟರಿಗೆ ಕೊಡು," ಎಂದರು.

ಡಾಕ್ಟರು ಚೀಟಿ ನೋಡಿ ಗಂಭೀರರಾದರು. ಮುಂದಿನ ವಾರವೇ ತೆಗೆಯಬೇಕು, ತಡ ಮಾಡುವಂತಿಲ್ಲ, ಆದರೆ ರೋಗಿ ಒಪ್ಪಿ ಸಹಿ ಹಾಕಬೇಕು ಎಂದರು. ಅನುವಾದಕಿ ಅಲ್ಲಿಂದ ನೇರವಾಗಿ ಸ್ಟೇಷನ್ನಿಗೆ ಹೋದಳು.

ಚಿಕ್ಕಮ್ಮನ ಕೋಣೆ ಮೊದಲನೇ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ, ಏಣಿಮೆಟ್ಟಿಲಿನ ಕೆಳಗೆ. ಗಾಜಿನ ಕಿಟಕಿ, ಒಂದು ಮೈಕು, ನೀರಿನ ಬಾಟಲಿ, ಮೂಲೆಯಲ್ಲಿ ಬಟ್ಟೆ ಮುಚ್ಚಿದ ಆ ಯಂತ್ರ. ಚಿಕ್ಕಮ್ಮ ತಡವಾದ ರೈಲಿಗೆ ಜನರ ಕ್ಷಮೆ ಕೇಳಿ ಮೈಕ್ ಆರಿಸಿ, ತಿರುಗಿ ನೋಡಿದಳು.

"ಏನೇ ಮರಿ, ಆಫೀಸಿನ ಹೊತ್ತಲ್ಲಿ? ಮುಖ ಯಾಕೆ ಸಪ್ಪಗಿದೆ?"

ಅನುವಾದಕಿ ನಿಂತೇ ಎಲ್ಲ ಹೇಳಿದಳು. ಪಟ್ಟಿ ಹೇಳಿದಳು, ಮುದುಕರನ್ನು ಹೇಳಿದಳು, ಹದಿನಾಲ್ಕು ಹೇಳಿದಳು, ಮೂವತ್ನಾಲ್ಕು ಹೇಳಿದಳು. ನಗೋರು ತಿರುಗಿ ಬರಲ್ಲ ಎಂಬ ಮಾತನ್ನೂ ಹೇಳಿದಳು. ಚಿಕ್ಕಮ್ಮ ಕೇಳಿಸಿಕೊಂಡು, ನಿರೀಕ್ಷಿಸಿದಂತೆಯೇ, ನಕ್ಕಳು.

"ಮುದುಕ ಬಲು ಕಿಲಾಡಿ. ಇರಲಿ ಬಿಡು. ಇನ್ನೊಂದೂವರೆ ವರ್ಷಕ್ಕೆ ನನ್ನ ಸರ್ವಿಸ್ ಮುಗಿಯುತ್ತೆ. ಆಮೇಲೆ ಧ್ವನಿ ಹೋದ್ರೂ ನಿಮ್ಮ ಚಿಕ್ಕಪ್ಪನಿಗೆ ಲಾಭವೇ. ಆಗ ತೆಗೆಸಿದ್ರಾಯ್ತು."

"ಚಿಕ್ಕಮ್ಮ, ಎರಡೂವರೆ ಪಟ್ಟು ಆಗಿದೆ ಅಂತಿದ್ದೀನಿ."

"ನನಗೆ ಈ ಪಟ್ಟು, ಮಿಲಿಮೀಟರು ಎಲ್ಲ ತಲೆಗೆ ಹತ್ತಲ್ಲ ಕಣೇ. ಏನಷ್ಟಿದೆ ಅಂತ ಹೇಳು, ಗೊತ್ತಾಗುತ್ತೆ. ಗೋಲಿಯಷ್ಟಿದ್ಯಾ, ಗುಂಡಿಯಷ್ಟಿದ್ಯಾ?"

ಮೂವತ್ನಾಲ್ಕು ಮಿಲಿಮೀಟರ್ ಅಂದರೆ ಒಂದು ಸಣ್ಣ ನಿಂಬೆಹಣ್ಣು. ಅನುವಾದಕಿಗೆ ಅದು ಲೆಕ್ಕ ಹಾಕದೆಯೇ ಗೊತ್ತಿತ್ತು. ನಾಲ್ಕು ತಿಂಗಳು ಅದೇ ಕಸುಬು. ನಿಂಬೆಹಣ್ಣು ಎಂದರೆ ಚಿಕ್ಕಮ್ಮ ಏನೆನ್ನುತ್ತಾಳೆ ಎಂಬುದೂ ಗೊತ್ತಿತ್ತು. ಉಪ್ಪಿನಕಾಯಿ ಹಾಕೋಣ ಎನ್ನುತ್ತಾಳೆ, ಇಬ್ಬರೂ ನಗುತ್ತಾರೆ, ಮುದ್ರೆ ಬಿದ್ದ ಕಾಗದ ಇನ್ನೊಂದು ಸೂಟ್‌ಕೇಸಿಗೆ ಹೋಗುತ್ತದೆ. ಅಂಕಿಗೆ ಅಂಕಿ, ಪದಕ್ಕೆ ಪದ ಎಂದು ಮ್ಯಾನೇಜರ ಜೊತೆ ಜಗಳವಾಡಿದ್ದ ಅವಳು ಚಿಕ್ಕಮ್ಮನ ಎರಡೂ ಕೈ ಹಿಡಿದುಕೊಂಡಳು.

"ಕೋಳಿಮೊಟ್ಟೆಯಷ್ಟಿದೆ ಚಿಕ್ಕಮ್ಮ."

ಚಿಕ್ಕಮ್ಮನ ಬಾಯಲ್ಲಿ ಸಿದ್ಧವಾಗಿದ್ದ ನಗು ಅಲ್ಲೇ ನಿಂತಿತು. ಅವಳು ಒಂದು ಕೈ ಬಿಡಿಸಿಕೊಂಡು ಕತ್ತು ಮುಟ್ಟಿ ನೋಡಿಕೊಂಡಳು. ಬೆರಳುಗಳು ಮೆಲ್ಲಗೆ ಸುತ್ತಿ ಬಂದವು, ಮತ್ತೊಮ್ಮೆ ಸುತ್ತಿದವು. ಗಾಜಿನಾಚೆ ಜನ ಗಂಟು ಮೂಟೆ ಎತ್ತಿಕೊಂಡು ಅವಳ ಮಾತಿಗೆ ಕಾಯುತ್ತಿದ್ದರು.

"ಅಷ್ಟಿದ್ಯಾ?" ಎಂದಳು. ಆ ದನಿಯನ್ನು ಅನುವಾದಕಿ ಹಿಂದೆಂದೂ ಕೇಳಿರಲಿಲ್ಲ.

"ಹೂಂ."

"ಯಾವತ್ತಂತೆ ಆಪರೇಷನ್ನು?"

"ಮುಂದಿನ ವಾರ."

ಚಿಕ್ಕಮ್ಮ ಎದ್ದು ಮೂಲೆಗೆ ಹೋಗಿ ಯಂತ್ರದ ಮೇಲಿನ ಬಟ್ಟೆ ತೆಗೆದು, ಧೂಳು ಕೊಡವಿ, ಅದರ ವೈರು ಹುಡುಕತೊಡಗಿದಳು.

"ನಾಳೆ ರಜೆ ಹಾಕಿ ಬಾ ಮರಿ. ನೀನು ಓದಿ ಹೇಳು, ನಾನು ಇದರೊಳಗೆ ಹೇಳಿಡ್ತೀನಿ. ಎಲ್ಲಾ ಊರ ಹೆಸರೂ ಹೇಳಿಡ್ತೀನಿ. ತಡವಾಗಿದ್ದಕ್ಕೆ ಕ್ಷಮಿಸಿ ಅನ್ನೋದನ್ನೂ ನನ್ನ ಬಾಯಲ್ಲೇ ಹೇಳಿಡ್ತೀನಿ, ಇದಕ್ಕೆ ಅದು ಬರಲ್ಲ," ಎಂದಳು.

ಅಷ್ಟರಲ್ಲಿ ರೈಲು ಕಾಣಿಸಿತು. ಅವಳು ಗಂಟಲು ಸರಿಮಾಡಿಕೊಂಡು, ಮೈಕ್ ಹತ್ತಿರಕ್ಕೆಳೆದುಕೊಂಡು, ಅದು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ ಎಂದು ಹೇಳಿದಳು.